ಶೆಡ್ಡಿನ ಫಿಯೆಟ್: ಕ್ಲಾಸಿಕ್ಕೋ, ಗುಜರಿಯೋ?

ಕಾಸರಗೋಡಿನ ಒಳನಾಡಿಗೆ ಹೋದರೆ, ಅಡಿಕೆ ತೋಟದ ಬದಿಯ ಶೆಡ್ಡುಗಳಲ್ಲಿ ಟರ್ಪಾಲು ಹೊದ್ದು ನಿಂತ ಹಳೆ ಕಾರುಗಳು ಹೆಚ್ಚಾಗಿ ಎರಡೇ ಜಾತಿಯವು. ಒಂದು ಅಂಬಾಸಿಡರ್, ಇನ್ನೊಂದು ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಎಂದು ಕೇಳಿದರೆ ಊರಿನಲ್ಲಿ ಕಣ್ಣು ಕಣ್ಣು ಬಿಡುತ್ತಾರೆ, ಫಿಯೆಟ್ ಎಂದರೆ ಥಟ್ಟನೆ ದಾರಿ ತೋರಿಸುತ್ತಾರೆ. ತೂಕಕ್ಕೆ ಹಾಕಲು ಹೊರಟಿದ್ದ ಗಾಡಿಗೆ ಯಾರೋ ಒಬ್ಬರು ಬಂದು 'ಕ್ಲಾಸಿಕ್' ಅಂದದ್ದೇ ತಡ, ಬೆಲೆ ಲಕ್ಷದ ಮಾತಿಗೆ ಏರುತ್ತದೆ. ಆ ಬೆಲೆ ಕೊಡಬಹುದೇ, ಕೊಡುವ ಮೊದಲು ಏನೇನು ನೋಡಬೇಕು ಎಂಬುದಷ್ಟೇ ಈ ವಿಮರ್ಶೆ. ಇದು ಪೆಟ್ರೋಲಿನ 1089 ಸಿಸಿ ಪದ್ಮಿನಿಗೆ ಸಂಬಂಧಿಸಿದ್ದು. ಡೀಸೆಲ್ ಗಾಡಿಯ ಕಥೆ ಬೇರೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ತಗಡು ಗಟ್ಟಿ ಇರಬೇಕು, ಗಾಡಿಯ ಜೊತೆ ಬಂದ ಇಂಜಿನ್ನೇ ಒಳಗಿರಬೇಕು, ಆರ್‌ಸಿ ನೇರವಾಗಿರಬೇಕು. ಈ ಮೂರೂ ಇದ್ದರೆ ಪದ್ಮಿನಿ ಕೊಳ್ಳತಕ್ಕ ಕಾರು. ಇಂಜಿನ್ ಹಾಳಾಗಿದ್ದರೆ ಚೌಕಾಸಿ ಮಾಡಿ, ಕಾಗದ ಹಾಳಾಗಿದ್ದರೆ ಕಾಯಿರಿ. ತಗಡು ಹೋಗಿದ್ದರೆ ಬಿಟ್ಟಿ ಕೊಟ್ಟರೂ ಮನೆಗೆ ತರಬೇಡಿ.

ವಯಸ್ಸಿನ ಲೆಕ್ಕ

ಕಾರು ಹಳೆಯದಾದರೆ ಸಾಕು, ಕ್ಲಾಸಿಕ್ ಆಗುತ್ತದೆ ಎಂಬ ನಂಬಿಕೆ ಮಾರುವವರಿಗೆ ಅನುಕೂಲ. ವಯಸ್ಸಿನ ಲೆಕ್ಕ ಒಬ್ಬೊಬ್ಬರದು ಒಂದೊಂದು. ಹಳೆ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ ಕೇಳುವುದು ಕನಿಷ್ಠ 30 ವರ್ಷ. ಜೊತೆಗೆ ಗಾಡಿ ತನ್ನ ಕಾಲದ ರೂಪದಲ್ಲೇ ಉಳಿದಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಕೆಯಾಗುತ್ತಿರಬಾರದು. ನಮ್ಮ ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ ತಂದ ನಿಯಮ 'ವಿಂಟೇಜ್' ಎನ್ನುವುದು ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ವಾಹನಕ್ಕೆ. ಚಾಸಿಸ್, ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಟು ಆಗಿದ್ದರೆ ಅದಕ್ಕೂ ಅರ್ಹತೆ ಇಲ್ಲ. ಮೋಟಾರು ವಿಮೆಯ ಹಳೆ ಟ್ಯಾರಿಫ್ ಇನ್ನೂ ಬಿಗಿ, ಅದರಲ್ಲಿ ವಿಂಟೇಜ್ ರಿಯಾಯಿತಿ 1940ರ ಒಳಗೆ ತಯಾರಾದ ಕಾರುಗಳಿಗೆ ಮಾತ್ರ. ಅಮೆರಿಕದ ಕ್ಲಾಸಿಕ್ ಕಾರ್ ಕ್ಲಬ್ಬಿನವರಂತೂ 1915ರಿಂದ 1948ರ ನಡುವಿನ ಆಯ್ದ ದುಬಾರಿ ಗಾಡಿಗಳನ್ನಷ್ಟೇ ಒಳಗೆ ಬಿಡುತ್ತಾರೆ. ಅವರ ಗೇಟಿನ ಹತ್ತಿರ ಪದ್ಮಿನಿ ಸುಳಿಯುವಂತೆಯೇ ಇಲ್ಲ.

ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಅದಕ್ಕೆ ಮೊದಲು ಅದೇ ಗಾಡಿ ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ 1964ರಿಂದ ಫಿಯೆಟ್ 1100 ಡಿಲೈಟ್ ಎಂದೂ ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ ಹೊರಟಿತ್ತು. ಹಾಗಾಗಿ ಸರ್ಕಾರದ ವಿಂಟೇಜ್ ಲೆಕ್ಕಕ್ಕೆ ಈಗ ಸೇರುವುದು ಡಿಲೈಟ್, ಪ್ರೆಸಿಡೆಂಟ್ ಮತ್ತು ತೀರಾ ಆರಂಭದ ಪದ್ಮಿನಿಗಳು ಮಾತ್ರ. 1985ರ ಗಾಡಿ 2035ರವರೆಗೆ ಕಾಯಬೇಕು. ನಮ್ಮ ಕಡೆಯ ಶೆಡ್ಡುಗಳಲ್ಲಿರುವುದು ಬಹುಪಾಲು ಎಂಬತ್ತು, ತೊಂಬತ್ತರ ದಶಕದವು. ಅವುಗಳಲ್ಲಿ ಹೆಚ್ಚಿನವು ಫಿವಾದ 30 ವರ್ಷ ದಾಟಿದವು, ಕಾನೂನಿನ 50 ಮುಟ್ಟದವು. ಕ್ಲಾಸಿಕ್ ಅನ್ನುವ ಮಾತಿಗೆ ಜಗಳ ನಡೆಯುವುದು ಈ ನಡುವಿನ ಜಾಗದಲ್ಲೇ.

ಆ ಜಗಳದಲ್ಲಿ ನಮ್ಮ ಪಕ್ಷ ಇದು: ತನ್ನ ಕಾಲದಲ್ಲಿ ರಸ್ತೆಯ ರೂಪವನ್ನೇ ನಿರ್ಧರಿಸಿದ ಗಾಡಿ ಆಗಿರಬೇಕು, ಈಗಲೂ ಅದು ಅದೇ ಗಾಡಿ ಆಗಿರಬೇಕು, ಮತ್ತು ಅದನ್ನು ಅದೇ ಸ್ಥಿತಿಯಲ್ಲಿ ಓಡಿಸುವಷ್ಟು ಬಿಡಿಭಾಗ, ಕೈಕೆಲಸ ಎರಡೂ ಸಿಗುವಂತಿರಬೇಕು. ಮೊದಲನೆಯದರಲ್ಲಿ ಪದ್ಮಿನಿಗೆ ಪೂರ್ತಿ ಅಂಕ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರಿನವರೆಗೂ ಅದು ದುಡಿದಿದೆ. ಮೂರನೆಯದರಲ್ಲಿಯೂ ತೊಂದರೆ ಇಲ್ಲ. ಎಡವುವುದು ಎರಡನೆಯದರಲ್ಲಿ. ಓಮ್ನಿ ಇಂಜಿನ್ ಕೂರಿಸಿದ, ಡ್ಯಾಶ್‌ಬೋರ್ಡ್ ಕತ್ತರಿಸಿ ಟಚ್‌ಸ್ಕ್ರೀನ್ ಇಟ್ಟ, ಬಂಪರ್ ಕಿತ್ತು ಕಪ್ಪು ಅಲಾಯ್ ತೊಡಿಸಿದ ಗಾಡಿ ಎಷ್ಟು ಮಿನುಗಿದರೂ ಅದು ಹಳೆ ಚಿಪ್ಪಿನ ಹೊಸ ಕಾರು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದ್ದರೆ ಪರವಾಗಿಲ್ಲ, ಎರಡು ಬೋಲ್ಟ್ ಬಿಚ್ಚಿದರೆ ಹಿಂದಕ್ಕೆ ಹೋಗಬಹುದು. ಕತ್ತರಿಸಿದ್ದು, ವೆಲ್ಡ್ ಮಾಡಿದ್ದು, ಮಾರಿಬಿಟ್ಟದ್ದು ಹಿಂದಕ್ಕೆ ಬರುವುದಿಲ್ಲ.

ಯಾವುದು ಕೈಗೆತ್ತಿಕೊಳ್ಳಬಹುದು

ಬೆಂಚ್ ಸೀಟು ಮತ್ತು ಸ್ಟೇರಿಂಗ್ ಬುಡದಲ್ಲೇ ಗೇರ್ ಇರುವ ಗಾಡಿಗೆ ಮೊದಲ ಮಣೆ. ಕೊನೆಕೊನೆಯ ವರ್ಷಗಳಲ್ಲಿ ನೆಲದ ಗೇರ್, ಬಿಡಿ ಸೀಟುಗಳ ಗಾಡಿಗಳೂ ಬಂದವು. ಓಡಿಸಲು ಅವೇ ಸಲೀಸು, ಆದರೆ ಸಂಗ್ರಹದ ಬೆಲೆ ಕಡಿಮೆ. 1366 ಸಿಸಿ ಡೀಸೆಲ್‌ನ 137ಡಿ ಕಂಪೆನಿಯೇ ಕೊಟ್ಟದ್ದಾದ್ದರಿಂದ ಅದನ್ನು ಕಲಬೆರಕೆ ಅನ್ನಲಾಗದು. ಆದರೆ ಪೆಟ್ರೋಲ್ ಗಾಡಿಗೆ ಆಮೇಲೆ ಯಾವುದೋ ಡೀಸೆಲ್ ಇಂಜಿನ್ ಇಳಿಸಿದ್ದನ್ನು ಅದರ ಜೊತೆ ಸೇರಿಸಿ ನೋಡಬೇಡಿ.

ಮುಂಬಯಿಯಿಂದ ಬಂದ ಗಾಡಿಯಾದರೆ ಹಳೆ ಟ್ಯಾಕ್ಸಿಯೇ ಎಂದು ಪರೀಕ್ಷಿಸಿ. ಬಾಗಿಲಿನ ರಬ್ಬರ್ ಬೀಡಿಂಗ್ ಎತ್ತಿದರೆ ಅಡಿಯಲ್ಲಿ ಹಳದಿ ಬಣ್ಣ ಕಾಣುತ್ತದೆ, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕಟ್ಟಿದ ಬ್ರಾಕೆಟ್ಟಿನ ತೂತುಗಳಿರುತ್ತವೆ, ಮಾಡಿನ ಅಂಚಿನಲ್ಲಿ ಕ್ಯಾರಿಯರ್ ಕೂತು ಒತ್ತಿದ ಗುರುತು ಇರುತ್ತದೆ. ಟ್ಯಾಕ್ಸಿ ಆಗಿದ್ದದ್ದು ಅಪರಾಧವಲ್ಲ. ಮನೆ ಗಾಡಿಯ ಬೆಲೆ ಕೇಳಿದರೆ ಅದು ಅಪರಾಧ.

ತಗಡು

ಇಲ್ಲಿ ನಿಧಾನವಾಗಿ ಓದಿ. ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ. ಮೈಯೇ ಚಾಸಿಸ್, ನೆಲ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಚಕ್ರದ ಮೇಲಿನ ಕಮಾನು ಎಲ್ಲವೂ ಸೇರಿ ಭಾರ ಹೊರುತ್ತವೆ. ಹೀಗಾಗಿ ತುಕ್ಕು ಎಂದರೆ ಅಂದ ಕೆಡುವ ಮಾತಲ್ಲ, ಎಲುಬು ಸವೆಯುವ ಮಾತು. ಕಾಸರಗೋಡಿನಲ್ಲಿ ಆ ಸವೆತಕ್ಕೆ ಮೂರು ಕಾರಣ ಒಟ್ಟಿಗೇ ಸಿಗುತ್ತವೆ. ಕರಾವಳಿ ಪಟ್ಟಿಯಲ್ಲಿ ಉಪ್ಪು ಗಾಳಿ, ಜೂನಿನಿಂದ ಸೆಪ್ಟೆಂಬರ್ ತನಕ ಒಣಗಲು ಬಿಡದ ಮಳೆ, ಮತ್ತು ಮುರಕಲ್ಲಿನ ಕೆಂಪು ಕೆಸರು. ಕೆಸರು ಬಾಗಿಲಿನ ಕೆಳ ಅಂಚಿನಲ್ಲಿರುವ ನೀರು ಹೋಗುವ ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಒಳಗೆ ನಿಂತ ನೀರು ಒಳಗಿನಿಂದಲೇ ತಗಡನ್ನು ತಿನ್ನುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಾಗ ಅರ್ಧ ಕೆಲಸ ಮುಗಿದಿರುತ್ತದೆ.

ನಾಲ್ಕನೆಯ ಕಾರಣ ಅಡಿಕೆ ಬೆಳೆಗಾರರಿಗಷ್ಟೇ ಸೇರಿದ್ದು. ಮಳೆಗಾಲದಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತು (ತಾಮ್ರದ ಸಲ್ಫೇಟ್), ಗೊಬ್ಬರದ ಚೀಲ ಇವುಗಳನ್ನು ಡಿಕ್ಕಿಯಲ್ಲಿ ಹೇರಿಕೊಂಡು ಬಂದ ಗಾಡಿಗಳು ಎಷ್ಟೋ. ಮೈಲುತುತ್ತಿನ ಪುಡಿಗೆ ತೇವ ತಾಗಿದರೆ ಅದು ಕಬ್ಬಿಣವನ್ನು ನೇರವಾಗಿ ಕರಗಿಸುತ್ತದೆ, ಮೇಲೆ ತಾಮ್ರದ ಬಣ್ಣದ ಪದರ ಬಿಡುತ್ತದೆ. ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಮೂಲೆಯಲ್ಲಿ ನೀಲಿ-ಹಸಿರು ಕಲೆ, ಅದರ ಸುತ್ತ ಕೆಂಪು ಪುಡಿ ಇದ್ದರೆ ಹಿಂದಿನ ಲೀಫ್ ಸ್ಪ್ರಿಂಗ್ ಹಿಡಿದುಕೊಂಡಿರುವ ಜಾಗದವರೆಗೂ ಬೆರಳಾಡಿಸಿ ಪರೀಕ್ಷಿಸಬೇಕು. ಅದೇ ಶೆಡ್ಡಿನಲ್ಲಿ ಮೈಲುತುತ್ತಿನ ಚೀಲವಿಟ್ಟು ಪಕ್ಕದಲ್ಲಿ ಕಾರು ನಿಲ್ಲಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಕೊಟ್ಟಿಗೆಗೆ ಅಂಟಿದ ಶೆಡ್ಡೂ ಬೇಡ, ಗಂಜಲದ ಹಬೆ ಹಿತ್ತಾಳೆ ಮತ್ತು ತಾಮ್ರದ ಭಾಗಗಳಿಗೆ ಶತ್ರು.

ನೋಡಲು ಹೋಗುವಾಗ ಒಂದು ಸಣ್ಣ ಅಯಸ್ಕಾಂತ, ಸ್ಕ್ರೂಡ್ರೈವರ್, ಟಾರ್ಚ್, ಜಾಕಿ ಒಯ್ಯಿರಿ. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಗಿಲಿನ ಕೆಳಗಿನ ಗೇಣಿನಷ್ಟು ಭಾಗ, ಚಕ್ರದ ಕಮಾನು, ಹೆಡ್‌ಲೈಟಿನ ಸುತ್ತ, ಡಿಕ್ಕಿ ಬಾಗಿಲಿನ ಕೆಳ ಅಂಚು ಇಲ್ಲೆಲ್ಲ ಜಾರಿಸಿ. ಹಿಡಿಯದೆ ಉದುರಿದ ಕಡೆ ಒಳಗಿರುವುದು ಪುಟ್ಟಿ ಅಥವಾ ಫೈಬರ್. ಆಮೇಲೆ ಮುಂದಿನ ಮ್ಯಾಟ್ ತೆಗೆದು ಪೆಡಲ್‌ಗಳ ಹಿಂದಿನ ಮೂಲೆ ನೋಡಿ. ಎದುರು ಗಾಜಿನ ರಬ್ಬರ್ ಒಡೆದ ಗಾಡಿಯಲ್ಲಿ ನೀರು ಸೇರುವುದು ಅಲ್ಲಿಗೇ. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ ಆಸಿಡ್ ಬಿದ್ದು ತಗಡು ಜರಡಿಯಾಗಿರುವುದು ಸಾಮಾನ್ಯ, ಅದು ಸಣ್ಣ ಕೆಲಸ, ಅದಕ್ಕೆ ಹೆದರಬೇಡಿ.

ಸತ್ಯ ಹೊರಗೆ ಬರುವುದು ಜಾಕಿಯಲ್ಲಿ. ಮುಂದಿನ ಬಾಗಿಲು ತೆರೆದು ಮುಚ್ಚಿ, ಸುತ್ತಲ ಸಂದು ಎಷ್ಟಿದೆ ನೋಡಿಟ್ಟುಕೊಳ್ಳಿ. ಬಾಗಿಲ ಕೆಳಗಿನ ಪಟ್ಟಿಗೆ ಮರದ ತುಂಡು ಕೊಟ್ಟು ಜಾಕಿಯಿಂದ ಒಂದು ಬದಿ ಎತ್ತಿ. ಮರದ ತುಂಡು ಒಳಗೆ ಹುದುಗಿ 'ಕರ್' ಎಂದರೆ ಪಟ್ಟಿ ಖಾಲಿ. ಎತ್ತಿದ ಮೇಲೆ ಅದೇ ಬಾಗಿಲು ಮತ್ತೆ ಮುಚ್ಚಿ. ಕಂಬಕ್ಕೆ ತಾಗಿದರೆ, ಸಂದು ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಮುಚ್ಚಿಕೊಂಡರೆ ಮೈ ಬಾಗುತ್ತಿದೆ ಎಂದರ್ಥ. ಅಂಥ ಗಾಡಿಗೆ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ. ಮಾರುವವರು ಜಾಕಿ ಹಾಕಲು ಬಿಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ.

ದುರಸ್ತಿ ಮಾಡಿಸುವುದಾದರೆ ಟಿಂಕರಿಂಗ್‌ನವರಿಗೆ ಮೂರು ಮಾತು ಮೊದಲೇ ಹೇಳಿ. ಹಾಳಾದದ್ದನ್ನು ಕತ್ತರಿಸಿ ತೆಗೆದು ಹೊಸ ತಗಡು ಕೂರಿಸಬೇಕು, ಹಳೆಯದರ ಮೇಲೆ ತೇಪೆ ಬೇಡ. ಹೊರಮೈಗೆ 20 ಗೇಜ್, ಭಾರ ಹೊರುವ ಪಟ್ಟಿಗೆ 18 ಗೇಜ್ ತಗಡು, ಅಂದರೆ ಸುಮಾರು 0.9 ಮತ್ತು 1.2 ಮಿ.ಮೀ. ಗ್ಯಾಸ್ ವೆಲ್ಡಿಂಗ್ ಬೇಡ, ಕರೆಂಟಿನ ಮಿಗ್ ವೆಲ್ಡಿಂಗ್ ಆಗಲಿ. ಗ್ಯಾಸಿನ ಶಾಖಕ್ಕೆ ತೆಳು ತಗಡು ಅಲೆಅಲೆಯಾಗಿ ಎಳೆದುಕೊಳ್ಳುತ್ತದೆ, ಆಮೇಲೆ ಅದನ್ನು ಮುಚ್ಚಲು ಬೆರಳು ದಪ್ಪ ಪುಟ್ಟಿ ಬೇಕಾಗುತ್ತದೆ. ಎರಡೂ ಬದಿಯ ಪಟ್ಟಿ ಒಟ್ಟಿಗೆ ಕತ್ತರಿಸಲು ಬಿಡಬೇಡಿ. ಬಾಗಿಲುಗಳನ್ನು ಮುಚ್ಚಿಟ್ಟು, ನಡುವೆ ಆಧಾರ ಕೊಟ್ಟು, ಒಂದು ಬದಿ ಮುಗಿದ ಮೇಲೆ ಇನ್ನೊಂದು. ಕೆಲಸ ಆದಮೇಲೆ ಪೆಟ್ಟಿಗೆಯ ಒಳಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ. ಅಡಿಗೆ ಬಳಿಯುವ ಕಪ್ಪು ಕೋಟಿಂಗ್ ಶುದ್ಧ ತಗಡಿಗೆ ರಕ್ಷಣೆ. ತುಕ್ಕಿನ ಮೇಲೆ ಬಳಿದರೆ ತೇವವನ್ನು ಒಳಗೇ ಹಿಡಿದಿಟ್ಟು ತುಕ್ಕನ್ನೇ ಸಾಕುತ್ತದೆ. ಹೊಸದಾಗಿ ದಪ್ಪಗೆ ಕೋಟಿಂಗ್ ಹೊಡೆಸಿದ ಗಾಡಿ ಮಾರಾಟಕ್ಕೆ ಬಂದರೆ ಅನುಮಾನ ಪಡುವುದೇ ಒಳ್ಳೆಯದು.

ಇಂಜಿನ್ ಕೆಲಸಕ್ಕಿಂತ ಬಾಡಿ ಕೆಲಸಕ್ಕೆ ಎರಡು ಮೂರು ಪಟ್ಟು ಖರ್ಚಾಗುವುದು ಈ ಗಾಡಿಯ ಸಾಮಾನ್ಯ ಲೆಕ್ಕ. ಜನ ಮಾತ್ರ ಬಾನೆಟ್ ತೆರೆದು ಇಂಜಿನ್ ಶಬ್ದ ಕೇಳಿ ವ್ಯಾಪಾರ ಮುಗಿಸುತ್ತಾರೆ.

ಇಂಜಿನ್ ಮತ್ತು ಉಳಿದದ್ದು

ನಾಲ್ಕು ಸಿಲಿಂಡರ್, 68 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಸುಮಾರು 40 ಅಶ್ವಶಕ್ತಿ. ಕಂಪ್ರೆಶನ್ ಕಡಿಮೆ, ರಚನೆ ಸರಳ, ಕೈ ಹಾಕಲು ಜಾಗ ಧಾರಾಳ. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ತೊಂದರೆಗಳ ಮೂಲ ಈ ಜೋಡಿಯಲ್ಲಿದೆ. ರೇಡಿಯೇಟರಿಗೆ ಬಾವಿ ನೀರು ಹುಯ್ಯುವುದು ಇಲ್ಲಿಯ ಹಳೆ ರೂಢಿ. ಮುರಕಲ್ಲಿನ ನೆಲದ ಬಾವಿ ನೀರಿಗೆ ಸ್ವಲ್ಪ ಆಮ್ಲ ಗುಣ, ಅದು ಹೆಡ್ಡಿನ ನೀರಿನ ದಾರಿಯನ್ನು ಕೊರೆಯುತ್ತದೆ. ಒಮ್ಮೆ ಕುದಿದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಮೂರನೆಯ ಒಂದು ಭಾಗ ಕೂಲಂಟ್ ಬೆರೆಸಿ ತುಂಬಿದರೆ ಈ ಕಥೆಯೇ ಇಲ್ಲ. ರೇಡಿಯೇಟರ್ ಮುಚ್ಚಳ ತೆರೆದಾಗ ನೀರು ಕೆಂಪಾಗಿದ್ದರೆ, ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಅಂಟಿದ್ದರೆ ಹೆಡ್ ಇಳಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ.

ವರ್ಷಗಟ್ಟಲೆ ನಿಂತ ಗಾಡಿಗೆ ಹೊಸ ಬ್ಯಾಟರಿ ಕೊಟ್ಟು ನೇರ ಸೆಲ್ಫ್ ಹೊಡೆಯುವುದು ದೊಡ್ಡ ಮೂರ್ಖತನ. ಸಿಲಿಂಡರಿಗೆ ಅಂಟಿದ ರಿಂಗ್ ಮುರಿಯುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಮೂರು ಚಮಚ ಇಂಜಿನ್ ಆಯಿಲ್-ಡೀಸೆಲ್ ಮಿಶ್ರಣ ಹಾಕಿ ಎರಡು ದಿನ ಬಿಡಿ. ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಇಂಜಿನ್ ಸಡಿಲವಾದ ಮೇಲೆ ಹಳೆ ಆಯಿಲ್ ಬಸಿದು 20ಡಬ್ಲ್ಯು-40 ತುಂಬಿ, ಟ್ಯಾಂಕಿನ ಹಳೆ ಪೆಟ್ರೋಲ್ ಪೂರ್ತಿ ತೆಗೆದು, ಕಾಯಿಲ್ ವೈರ್ ಬಿಡಿಸಿ, ಪ್ಲಗ್ ಇಲ್ಲದೆಯೇ ಸೆಲ್ಫ್ ತಿರುಗಿಸಿ. ಆಯಿಲ್ ಪ್ರೆಶರಿನ ಕೆಂಪು ದೀಪ ಆರಿದ ಮೇಲಷ್ಟೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಬೇಕು.

ಓಡುವ ಗಾಡಿಯಾದರೆ ಇಂಜಿನ್ ಬಿಸಿಯಾದ ಮೇಲೆ ಕಂಪ್ರೆಶನ್ ನೋಡಿಸಿ. 110ರಿಂದ 130 ಪಿಎಸ್‌ಐ ಆಸುಪಾಸು ಇದ್ದು, ಒಂದಕ್ಕೊಂದು ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಸಾಕು. ಒಂದು ಸಿಲಿಂಡರ್ ಕೆಳಗಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಇಳಿಜಾರು ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ ಸವೆದಿದೆ; ಅದು ಹೆಡ್ಡಿನ ಕೆಲಸ, ಅಗ್ಗ. ಯಾವಾಗಲೂ ನೀಲಿ ಹೊಗೆ ಇದ್ದರೆ ಬೋರಿಂಗ್, ಅಂದರೆ ಸವೆದ ಸಿಲಿಂಡರನ್ನು ಕೊರೆದು ಒಂದು ಸೈಜ್ ದೊಡ್ಡದು ಮಾಡುವ ಕೆಲಸ. ಈಗಾಗಲೇ ಎರಡು ಮೂರು ಓವರ್‌ಸೈಜ್ ಆದ ಬ್ಲಾಕಿಗೆ ಲೇತಿನಲ್ಲಿ ಸ್ಲೀವ್ ಹಾಕಿಸಬೇಕಾಗುತ್ತದೆ, ಆದರೆ ನಂಬರ್ ಇರುವ ಮೂಲ ಬ್ಲಾಕ್ ಉಳಿಯುತ್ತದೆ. ಬೇರೆ ಬ್ಲಾಕ್ ತಂದು ಕೂರಿಸುವುದಕ್ಕಿಂತ ಇದೇ ಸರಿ.

ಇಗ್ನಿಷನ್ನಿನಲ್ಲಿ ಕಲಿಯಲು ಹೆಚ್ಚಿಲ್ಲ. ಪಾಯಿಂಟ್ ಗ್ಯಾಪ್ ಸುಮಾರು 0.4 ಮಿ.ಮೀ., ಪ್ಲಗ್ ಗ್ಯಾಪ್ 0.6 ಮಿ.ಮೀ., ಫೈರಿಂಗ್ 1-3-4-2. ದಾರಿಯಲ್ಲಿ ನಿಲ್ಲಿಸುವುದು ಕಂಡೆನ್ಸರ್. ಅದರ ಜೊತೆ ಒಂದು ಪಾಯಿಂಟ್ ಸೆಟ್, ರೋಟರ್, ಫ್ಯಾನ್ ಬೆಲ್ಟ್ ಡಿಕ್ಕಿಯಲ್ಲಿ ಇರಲಿ. ಮಳೆಯಲ್ಲಿ ಕೆಮ್ಮಿ ನಿಂತರೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಒರೆಸಿ, ಹತ್ತರಲ್ಲಿ ಎಂಟು ಸಲ ಅಷ್ಟೇ. ಸೋಲೆಕ್ಸ್ ಕಾರ್ಬುರೇಟರಿನಲ್ಲಿ ಎಷ್ಟು ಸ್ಕ್ರೂ ತಿರುಗಿಸಿದರೂ ಐಡಲ್ ನಿಲ್ಲದಿದ್ದರೆ ಜೆಟ್ಟನ್ನು ಬೈಯಬೇಡಿ. ಥ್ರಾಟಲ್ ಶಾಫ್ಟ್ ಅಲುಗಾಡಿಸಿ ನೋಡಿ. ಶಾಫ್ಟ್ ಸವೆದು ಬದಿಯಿಂದ ಗಾಳಿ ಎಳೆಯುತ್ತಿರುತ್ತದೆ. ಲೇತಿನಲ್ಲಿ ಹಿತ್ತಾಳೆ ಬುಷ್ ಹಾಕಿಸಿದರೆ ಸರಿಯಾಗುತ್ತದೆ.

ಈಗಿನ ದೊಡ್ಡ ತಲೆನೋವು ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್. ಅದರಲ್ಲಿರುವ ನೂರಕ್ಕೆ ಇಪ್ಪತ್ತು ಎಥನಾಲ್ ಹಳೆ ರಬ್ಬರ್ ಪೈಪನ್ನೂ ಇಂಧನ ಪಂಪಿನ ಡಯಾಫ್ರಾಮನ್ನೂ ಊದಿಸಿ ಮೆದು ಮಾಡುತ್ತದೆ. ಗಾಳಿಯ ತೇವ ಹೀರಿಕೊಂಡು ನೀರು ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ, ನಮ್ಮ ಜುಲೈ ತಿಂಗಳ ಗಾಳಿಯಲ್ಲಿ ತೇವಕ್ಕೇನೂ ಬರವಿಲ್ಲ. ಗಾಡಿ ಕೊಂಡ ಮರುದಿನವೇ ಎಲ್ಲ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ದರ್ಜೆಯವಕ್ಕೆ ಬದಲಿಸಿ, ಡಯಾಫ್ರಾಮ್ ಕಿಟ್ ಹೊಸದು ಹಾಕಿ, ಟ್ಯಾಂಕಿಗೂ ಪಂಪಿಗೂ ನಡುವೆ ಒಳಗೆ ಕಾಣುವಂಥ ಫಿಲ್ಟರ್ ಇಡಿ. ಎಥನಾಲಿನಿಂದ ಮಿಶ್ರಣ ತೆಳುವಾಗುತ್ತದೆ. ಏರಿನಲ್ಲಿ ಎಳೆಯುವುದು ಕಡಿಮೆಯಾಗಿ ಪ್ಲಗ್ ಬೆಳ್ಳಗೆ ಸುಟ್ಟಂತೆ ಕಂಡರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಮಾಡಿಸಿ. ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ 38 ಲೀಟರಿನ ಟ್ಯಾಂಕನ್ನು ಅರ್ಧ ಬಿಡಬೇಡಿ, ಪೂರ್ತಿ ಬಸಿದು ಕಾರ್ಬುರೇಟರನ್ನೂ ಒಣಗಿಸಿ ಇಡಿ.

ಎಪ್ರಿಲ್ ಬಿಸಿಲಲ್ಲಿ ಚೆರ್ಕಳದಿಂದ ಮುಳ್ಳೇರಿಯಾ ಕಡೆ ಏರುವಾಗ ಇಂಜಿನ್ ಉಸಿರು ಕಟ್ಟಿ ನಿಂತು, ಕಾಲು ಗಂಟೆ ಬಿಟ್ಟು ತಾನಾಗಿ ಸ್ಟಾರ್ಟ್ ಆದರೆ ಅದು ಇಂಧನ ಪಂಪಿನಲ್ಲಿ ಪೆಟ್ರೋಲ್ ಆವಿಯಾದದ್ದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆ ಮದ್ದು ಈಗಲೂ ಕೆಲಸ ಮಾಡುತ್ತದೆ. ಎಕ್ಸಾಸ್ಟಿಗೆ ಹತ್ತಿರ ಹೋಗುವ ಪೈಪನ್ನು ದೂರ ಸರಿಸುವುದು ಶಾಶ್ವತ ಮದ್ದು.

ಗೇರ್‌ಬಾಕ್ಸ್ ಗಟ್ಟಿಮುಟ್ಟು. ಒಂದನೇ ಗೇರಿಗೆ ಸಿಂಕ್ರೊ (ಓಡುವಾಗಲೇ ಗೇರ್ ಸಲೀಸಾಗಿ ಕೂರಿಸುವ ವ್ಯವಸ್ಥೆ) ಇಲ್ಲ, ಗಾಡಿ ನಿಂತ ಮೇಲೆಯೇ ಹಾಕಬೇಕು. ಸ್ಟೇರಿಂಗ್ ಬುಡದ ಗೇರ್ ಎರಡು ಗೇರುಗಳ ನಡುವೆ ಸಿಕ್ಕಿಕೊಂಡರೆ ಬಾಕ್ಸ್ ಬಿಚ್ಚಿಸುವ ಮೊದಲು ಕೆಳಗಿನ ಲಿಂಕೇಜ್ ಬುಷ್ ನೋಡಿಸಿ. ಕ್ಲಚ್ ಬಿಡುವಾಗ ನಡುವಿನಿಂದ 'ಧಡ್' ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗಿನ ರಬ್ಬರ್ ಹೋಗಿದೆ.

ಸ್ಟೇರಿಂಗ್ ಅಲೆದಾಡಿದರೆ ಎಲ್ಲರೂ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ತಿರುಗಲು ಆಧಾರವಾದ ಗೂಟ, ಸವೆದಿದೆ ಅನ್ನುತ್ತಾರೆ. ನಿಜವೇ ಎಂದು ತಿಳಿಯಲು ಮುಂದಿನ ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ. ಇನ್ನೊಬ್ಬರು ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಅದು ಚಕ್ರದ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಗ್ರೀಸ್ 2000 ಕಿ.ಮೀ.ಗೊಮ್ಮೆ, ಮಳೆಗಾಲ ಮುಗಿದ ಕೂಡಲೇ ತಪ್ಪದೆ ಒಮ್ಮೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಬೂಸ್ಟರ್ ಇಲ್ಲ. ನೀರು ತುಂಬಿದ ರಸ್ತೆ ದಾಟಿದ ಮೇಲೆ ಪೆಡಲ್ ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಹೋಗಿ ಒಣಗಿಸಬೇಕು. ಒಂದು ಬದಿಗೆ ಎಳೆದರೆ ಆ ಬದಿಯದ್ದಲ್ಲ, ಎದುರು ಬದಿಯ ವೀಲ್ ಸಿಲಿಂಡರ್ ಸೋರಿ ಲೈನರ್ ನೆನೆದಿರುವುದೇ ಹೆಚ್ಚು. ಬ್ರೇಕ್ ಆಯಿಲ್ ತೇವ ಹೀರುವಂಥದ್ದು, ಎರಡು ವರ್ಷಕ್ಕಿಂತ ಹೆಚ್ಚು ಇಡಬೇಡಿ.

ಓಡಿಸಲು ಹೇಗಿದೆ ಎಂದರೆ, 60 ಕಿ.ಮೀ. ವೇಗದಲ್ಲಿ ಹಿತ. ಲೀಟರಿಗೆ 10ರಿಂದ 13 ಕಿ.ಮೀ. ಬದಿಯಡ್ಕ, ಪೆರ್ಲದ ತಿರುವುಗಳಲ್ಲಿ ಎಡಗೈಯಲ್ಲಿ ಗೇರು ಸವರಿಕೊಂಡು ಹೋಗುವ ಸುಖ ಇನ್ನಾವ ಗಾಡಿಯಲ್ಲೂ ಇಲ್ಲ. ತಲಪಾಡಿಯಿಂದ ಈಚೆಯ ಆರು ಪಥದ ಹೆದ್ದಾರಿಯಲ್ಲಿ ಮಾತ್ರ ಅದು ಪಾಪದ ಪ್ರಾಣಿ. ಸರ್ವಿಸ್ ರಸ್ತೆಯೇ ಮರ್ಯಾದೆ.

ಬಿಡಿಭಾಗದ ಚಿಂತೆ ಬೇಡ. ಗ್ಯಾಸ್ಕೆಟ್, ಕ್ಲಚ್ ಪ್ಲೇಟ್, ಬ್ರೇಕ್ ಕಿಟ್ ಹೊಸದಾಗಿಯೇ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈಯ ಪುದುಪೇಟೆ, ಮುಂಬಯಿಯ ಕುರ್ಲಾ ಹುಡುಕಾಟದ ಜಾಗಗಳು. ಸಿಗದಿರುವುದು ಅಲಂಕಾರದ ಸಾಮಾನು: ಮೂಲ ಗ್ರಿಲ್, ಬ್ಯಾಡ್ಜ್, ಸ್ಟೇರಿಂಗ್ ಹಾರ್ನ್ ರಿಂಗ್, ಬಿರುಕಿಲ್ಲದ ದೀಪದ ಗಾಜು. ಕೊಳ್ಳುವಾಗ ಇವು ಇದ್ದರೆ ಸವೆದ ಟೈರಿಗಿಂತ ಇವಕ್ಕೇ ಬೆಲೆ ಕೊಡಿ.

ಹೋಲಿಸುವುದಾದರೆ ಅಂಬಾಸಿಡರ್ ಜಾಗಕ್ಕೂ ಗಟ್ಟಿತನಕ್ಕೂ ಮೇಲು, ಆದರೆ 2014ರವರೆಗೂ ತಯಾರಾದ್ದರಿಂದ ವರ್ಷ ನೋಡಿ ಆರಿಸಬೇಕು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಬೇರೆ ಚಾಸಿಸ್ ಇರುವುದರಿಂದ ಮೈ ಬಿಚ್ಚಿ ಕೆಲಸ ಮಾಡಬಹುದು, ಬಿಡಿಭಾಗಕ್ಕೆ ಮಾತ್ರ ಪಡಿಪಾಟಲು. 1983ರ ಡಿಸೆಂಬರಿನಲ್ಲಿ ಬಂದ ಮೊದಲ ರೂಪದ ಮಾರುತಿ 800 ಈಗ ಸದ್ದಿಲ್ಲದೆ ಏರುತ್ತಿದೆ. ನೋಡಿದವರು ಬಿಡಬೇಡಿ.

ಕಾಗದ

ಚಾಸಿಸ್ ನಂಬರ್, ಇಂಜಿನ್ ನಂಬರ್ ಎರಡನ್ನೂ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಗೆ ತಾಳೆ ನೋಡಿ. ಅಕ್ಷರಗಳ ಆಳ ಒಂದೇ ಸಮ ಇಲ್ಲದಿದ್ದರೆ, ಸುತ್ತ ಗ್ರೈಂಡರ್ ಗುರುತಿದ್ದರೆ ಅಲ್ಲಿಗೆ ಕೈ ಮುಗಿಯಿರಿ.

ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ ಫಾರಂ 25ರಲ್ಲಿ ಅರ್ಜಿ ಹಾಕಿ, ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗಬಹುದು. ಹಳೆಯದನ್ನೆಲ್ಲ ಒಡೆಯಬೇಕು ಎಂಬ ದೆಹಲಿ ಸುದ್ದಿ ನಮಗೆ ಸಂಬಂಧಿಸಿದ್ದಲ್ಲ. ಕೇಂದ್ರದ ಶುಲ್ಕ 2022ರ ಎಪ್ರಿಲಿನಲ್ಲಿ 5000 ರೂಪಾಯಿಗೆ ಏರಿತ್ತು. 2025ರ ಆಗಸ್ಟಿನ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ದಾರೆ. ಹಸಿರು ತೆರಿಗೆ ಬೇರೆ. ಹೊಗೆ ಪರೀಕ್ಷೆಯಲ್ಲಿ ಈ ಕಾಲದ ಪೆಟ್ರೋಲ್ ಕಾರಿಗೆ ಸಿಒ (ಕಾರ್ಬನ್ ಮೊನಾಕ್ಸೈಡ್) ನೂರಕ್ಕೆ 3, ಎಚ್‌ಸಿ (ಹೈಡ್ರೋಕಾರ್ಬನ್) 1500 ಪಿಪಿಎಂ ಮಿತಿ. ಪಾಯಿಂಟ್, ಪ್ಲಗ್, ಏರ್ ಫಿಲ್ಟರ್ ಸರಿ ಇದ್ದರೆ ಪದ್ಮಿನಿ ಪಾಸಾಗುತ್ತದೆ.

50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರಗಳ ವಿಂಟೇಜ್ ನೋಂದಣಿ ಮಾಡಿಸಬಹುದು. ಹೊಸದಕ್ಕೆ 20,000, ಮರುನೋಂದಣಿಗೆ 5000 ರೂಪಾಯಿ, ಹತ್ತು ವರ್ಷ ಚಾಲ್ತಿ. ಆದರೆ ಆ ಫಲಕ ಬಿದ್ದ ಮೇಲೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ದುರಸ್ತಿ ಇಂಥವಕ್ಕಷ್ಟೇ ರಸ್ತೆಗಿಳಿಯಬಹುದು. ಭಾನುವಾರ ಮಧೂರು ದೇವಸ್ಥಾನಕ್ಕೆ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಆಸೆ ಇದ್ದವರಿಗೆ ಸಾಮಾನ್ಯ ನವೀಕರಣವೇ ವಾಸಿ.

ಮಂಗಳೂರು, ಪುತ್ತೂರಿನ ಕೆಎ ನಂಬರಿನ ಗಾಡಿ ಗಡಿಯಾಚೆ ಅಗ್ಗಕ್ಕೆ ಸಿಗಬಹುದು. ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ, ಮರುನೋಂದಣಿ ಎಲ್ಲ ಕೂಡಿಸಿ ಲೆಕ್ಕ ಹಾಕಿದ ಮೇಲೆಯೇ ಅಗ್ಗ ಅನ್ನಿ. ಆರ್‌ಸಿ ಅವಧಿ ಮುಗಿದ ಗಾಡಿಯಾದರೆ ನವೀಕರಣ ಅಲ್ಲಿಯೇ, ಮಾರುವವರ ಖರ್ಚಿನಲ್ಲೇ ಆಗಲಿ.

ನಮ್ಮ ಕಡೆ ಹೆಚ್ಚು ಸಿಕ್ಕಿ ಬೀಳುವುದು ಇನ್ನೊಂದರಲ್ಲಿ. ಆರ್‌ಸಿ ಅಜ್ಜನ ಹೆಸರಲ್ಲಿರುತ್ತದೆ, ಅಜ್ಜ ತೀರಿಕೊಂಡಿರುತ್ತಾರೆ, ಮನೆ ಪಾಲಾಗಿರುತ್ತದೆ, ಗಾಡಿ ಯಾರ ಪಾಲಿಗೂ ಬರೆದಿರುವುದಿಲ್ಲ. ಮನೆಯಲ್ಲಿ ಉಳಿದ ಮಗ ಒಬ್ಬರೇ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಮಾರಿದರೆ ಅದು ನಡೆಯುವುದಿಲ್ಲ. ಮೊದಲು ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದವರ ಒಪ್ಪಿಗೆ ಪತ್ರ ಸೇರಿಸಿ ಫಾರಂ 31ರಲ್ಲಿ ಒಬ್ಬ ವಾರಸುದಾರರ ಹೆಸರಿಗೆ ಆಗಬೇಕು. ಆಮೇಲೆ ನಿಮ್ಮ ಹೆಸರಿಗೆ. ಮುಂಬಯಿಯಲ್ಲೋ ದುಬೈಯಲ್ಲೋ ಇರುವ ತಮ್ಮನ ಸಹಿ ಬರುವುದು ತಡವಾಗುತ್ತದೆ, ಅಷ್ಟರಲ್ಲಿ ಗಾಡಿಯ ಬೆಲೆ ಕೇಳಿ ಅವರಿಗೂ ಅಜ್ಜನ ಕಾರಿನ ಮೇಲೆ ಪ್ರೀತಿ ಹುಟ್ಟುವುದುಂಟು. ಫಾರಂ 31 ಮುಗಿಯುವವರೆಗೆ ಸಣ್ಣ ಮುಂಗಡ ಕೊಟ್ಟು ರಸೀದಿ ಬರೆಸಿಕೊಳ್ಳಿ. ಅಲ್ಲಿಯತನಕ ಗಾಡಿ ಅವರ ಶೆಡ್ಡಿನಲ್ಲೇ ಇರಲಿ, ಮೈಲುತುತ್ತಿನ ಚೀಲ ಮಾತ್ರ ಹೊರಗಿಡಿಸಿ.